ನಿಂತ ಬಸ್ಸಿಗೆ ದಿಕ್ಕು ಯಾವುದು?

ಹತ್ತನೇ ಕ್ಲಾಸಿನ ಗಣಿತ ಪುಸ್ತಕದಲ್ಲಿ ಟ್ಯಾನ್ 90 ಡಿಗ್ರಿ ಎದುರಿಗೆ ಒಂದೇ ಮಾತು: ವ್ಯಾಖ್ಯಾನಿಸಿಲ್ಲ. ಒಂದನ್ನು ಸೊನ್ನೆಯಿಂದ ಭಾಗಿಸೋಕೆ ಬರಲ್ಲ, ಮುಗೀತು. ಅದನ್ನೇ ಜಾವಾಸ್ಕ್ರಿಪ್ಟ್‌ಗೆ ಕೇಳಿ ನೋಡಿ. 16331239353195370 ಅಂತ ಠೀವಿಯಿಂದ ಹೇಳುತ್ತೆ.

ದೀಪಾವಳಿಗೆ ಹುಮನಾಬಾದಿಗೆ ಹೋದಾಗ ಅಕ್ಕನ ಮಗಳಿಗೆ ಇದನ್ನು ತೋರಿಸಿದೆ. "ಮಾಮಾ, ಕಂಪ್ಯೂಟರ್ ಸುಳ್ಳ ಹೇಳ್ತದೇನು?" ಅಂದಳು.

ಸುಳ್ಳಲ್ಲ. ಈ ಭಾಷೆಗಳು ಕೋನವನ್ನು ರೇಡಿಯನ್ನಿನಲ್ಲಿ ಕೇಳುತ್ತವೆ. 90 ಡಿಗ್ರಿ ಅಂದರೆ ಪೈನ ಅರ್ಧ. ಪೈನ ದಶಮಾಂಶಕ್ಕೆ ಕೊನೆಯಿಲ್ಲ, ಅದಕ್ಕೆ ಸಿಗೋ ಜಾಗ 64 ಬಿಟ್ ಮಾತ್ರ. ಹಾಗಾಗಿ ಲೆಕ್ಕಕ್ಕೆ ಹೋಗೋದು 90ಕ್ಕಿಂತ ಕೂದಲೆಳೆಯಷ್ಟು ಕಮ್ಮಿ ಕೋನ. ಆ ಕೋನಕ್ಕೆ ಉತ್ತರ ಸರಿಯೇ. ನಾವು ಕೇಳಿದ ಕೋನ ಅದಲ್ಲ, ಅಷ್ಟೇ.

ಇದರಿಂದ ಯಾರಿಗೇನು ನಷ್ಟ ಅಂತೀರಾ? ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬರೋ ಬಸ್ಸನ್ನು ಒಂದು ಆ್ಯಪ್ ಹಿಂಬಾಲಿಸುತ್ತಿದೆ ಅಂದುಕೊಳ್ಳಿ. ಅಕ್ಷಾಂಶ, ರೇಖಾಂಶದಿಂದ ದೂರ ತೆಗೆಯೋ ಒಂದು ಹಳೇ ಸೂತ್ರದಲ್ಲಿ ಕೊನೆಗೆ ವಿಲೋಮ ಕೊಸೈನ್ ಬರುತ್ತೆ. ಬಸ್ಸು ಸ್ಟ್ಯಾಂಡಿಗೆ ಬಂದು ನಿಂತಾಗ ಎರಡೂ ಬಿಂದು ಒಂದೇ. ಆಗ ಅದಕ್ಕೆ ಸರಿಯಾಗಿ 1 ಹೋಗಬೇಕು. ಆದರೆ ಬಿಟ್‌ಗಳ ಉಳಿಕೆಯಿಂದ 1.0000000000000002 ಹೋಗಬಹುದು. ಕೊಸೈನ್ ಒಂದನ್ನು ದಾಟೋದೇ ಇಲ್ಲವಲ್ಲ!

ಪೈಥಾನ್ ಇಲ್ಲಿ ವ್ಯಾಲ್ಯೂ ಎರರ್ ಎಸೆದು ಅಲ್ಲೇ ನಿಲ್ಲುತ್ತೆ. ಜಾವಾಸ್ಕ್ರಿಪ್ಟ್ ನ್ಯಾನ್, ಅಂದರೆ 'ಇದು ಸಂಖ್ಯೆಯಲ್ಲ' ಅಂತ ಕೊಟ್ಟು ಮುಂದೆ ನಡೆಯುತ್ತೆ. ಇದು 1985ರ ಐಇಇಇ 754 ಮಾನದಂಡದಲ್ಲೇ ಇರೋ ವ್ಯವಸ್ಥೆ. ನ್ಯಾನ್‌ಗೆ ಏನು ಕೂಡಿಸಿದರೂ ನ್ಯಾನ್. 'ದೂರ ಒಂದು ಕಿ.ಮೀ.ಗಿಂತ ಕಮ್ಮಿಯಾ?' ಅಂದರೆ ಉತ್ತರ 'ಇಲ್ಲ'. ಬಸ್ಸು ಎದುರಿಗೇ ನಿಂತಿದೆ, 'ಬಸ್ಸು ಬಂತು' ಅನ್ನೋ ಮೆಸೇಜ್ ಮಾತ್ರ ನಿಮ್ಮವ್ವನ ಫೋನಿಗೆ ಬರಲ್ಲ.

ದಿಕ್ಕಿನ ಕಥೆ ಇನ್ನೂ ಮಜಾ. ಅದಕ್ಕೆ ಬಳಸೋ ಎಟ್ಯಾನ್2ಗೆ ಎರಡು ಸೊನ್ನೆ ಕೊಟ್ಟರೆ ಪೈಥಾನ್, ಜಾವಾಸ್ಕ್ರಿಪ್ಟ್ ಎರಡೂ ಸೊನ್ನೆ ಅನ್ನುತ್ತವೆ. ನಕ್ಷೆಯಲ್ಲಿ ಸೊನ್ನೆ ಅಂದರೆ ಉತ್ತರ ದಿಕ್ಕು. ಎಲ್ಲಿಗೂ ಹೋಗದ ಬಸ್ಸು ಉತ್ತರಕ್ಕೆ ಮುಖ ಮಾಡಿತು!

ನನಗೆ ಪೈಥಾನಿನ ಸಿಡುಕೇ ಇಷ್ಟ. ತಪ್ಪು ಎಲ್ಲಿ ಹುಟ್ಟಿತೋ ಅಲ್ಲೇ ಸಿಕ್ಕಿಬೀಳುತ್ತೆ. ಉಳಿದ ಕಡೆ ಆ ಕೆಲಸ ನಮ್ಮದು: ವಿಲೋಮ ಕೊಸೈನ್‌ಗೆ ಕೊಡೋ ಮೊದಲು ಬೆಲೆಯನ್ನು -1ರಿಂದ 1ರ ಒಳಗೆ ಹಿಡಿಯಿರಿ, ದಿಕ್ಕು ಕೇಳೋ ಮೊದಲು ಬಸ್ಸು ಚಲಿಸಿದೆಯಾ ನೋಡಿ. ಕೋಡ್ ರಿವ್ಯೂನಲ್ಲಿ ನಾನಂತೂ ಮೊದಲು ಕೇಳೋದು ಇದನ್ನೇ: ಎರಡೂ ಬಿಂದು ಒಂದೇ ಆದರೆ?