ಮುಂದಿನ ಆದಿತ್ಯವಾರ

ವಾರದ ಆರು ದಿನ ಹಂಚಿನ ಕಾರ್ಖಾನೆಯ ಸೈರನ್ ಕೇಳಿ ಎದ್ದು, ಸೈರನ್ ಕೇಳಿ ಉಂಡು, ಸೈರನ್ ಕೇಳಿ ಮನೆಗೆ ಮರಳುತ್ತಿದ್ದ ನಮ್ಮ ಬೋಳಾರ ಆದಿತ್ಯವಾರ ಮಾತ್ರ ಮೆಲ್ಲಗೆ ಏಳುತ್ತಿತ್ತು. 1865ರಲ್ಲಿ ಬಾಸೆಲ್ ಮಿಶನ್‌ನವರು ಪಕ್ಕದ ಜೆಪ್ಪುವಿನಲ್ಲಿ ಮೊದಲ ಹಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿಯ ದಡದಲ್ಲಿ ಒಂದರ ಹಿಂದೊಂದು ಚಿಮಣಿಗಳು ಎದ್ದವಂತೆ. ನಾನು ಇಲ್ಲಿಗೆ ಮಾಸ್ಟ್ರಾಗಿ ಬರುವಾಗ ಅವುಗಳಲ್ಲಿ ಹಲವು ಇನ್ನೂ ಹೊಗೆಯಾಡುತ್ತಿದ್ದವು. ಆದಿತ್ಯವಾರದ ಆ ಮೌನದಲ್ಲಿ ಸದ್ದು ಕೇಳುತ್ತಿದ್ದುದು ಎರಡೇ ಕಡೆ. ಒಂದು, ಮಂಗಳಾದೇವಿ ದೇವಸ್ಥಾನದ ಗಂಟೆ. ಇನ್ನೊಂದು, ನಮ್ಮ ಮನೆಯ ಜಗಲಿ. ಅಲ್ಲಿ ಎಸ್.ಎಸ್.ಎಲ್.ಸಿ. ಮಕ್ಕಳಿಗೆ ನನ್ನ ಗಣಿತದ ಟ್ಯೂಷನ್.

ಬೆಳಿಗ್ಗೆ ಏಳಕ್ಕೆ ಒಂದು ಬ್ಯಾಚು, ಒಂಬತ್ತಕ್ಕೆ ಇನ್ನೊಂದು, ಹನ್ನೊಂದಕ್ಕೆ ‘ಸ್ವಲ್ಪ ಹಿಂದೆ’ ಇರುವವರದ್ದು. ಊಟ ಮಾಡಿ ಒಂದು ಗಳಿಗೆ ಅಡ್ಡಾಗಿ ಎದ್ದರೆ ತಿದ್ದಬೇಕಾದ ಪೇಪರುಗಳ ಕಟ್ಟು. ಮನೆ ಕಟ್ಟಿದ ಸಾಲ ಇತ್ತು, ತಂಗಿಯ ಮದುವೆಯ ಸಾಲ ಇತ್ತು. ಸಂಬಳ ಎಷ್ಟೆಂದು ಆಗಿನ ಮಾಸ್ಟ್ರುಗಳನ್ನು ಕೇಳಿದರೆ ಹೇಳಿಯಾರು. ನನ್ನಲ್ಲಿ ಕಲಿತ ಎಷ್ಟೋ ಮಂದಿ ಇಂದು ದೊಡ್ಡ ಕೆಲಸದಲ್ಲಿದ್ದಾರೆ, ದಾರಿಯಲ್ಲಿ ಸಿಕ್ಕಿದರೆ ಸ್ಕೂಟರ್ ನಿಲ್ಲಿಸಿ ಮಾತಾಡಿಸುತ್ತಾರೆ. ಅದೆಲ್ಲ ಸರಿಯೇ. ಆದರೆ ಈಗ ಹೇಳಹೊರಟಿರುವುದು ಜಗಲಿಯ ಮೂಲೆಯಲ್ಲಿ ಕೂತಿದ್ದ ಒಬ್ಬಳ ಬಗ್ಗೆ. ಅವಳು ನನ್ನ ಮಗಳು.

1991ರಲ್ಲಿ ಅವಳಿಗೆ ಏಳು ವರ್ಷ. ಕದ್ರಿ ಪಾರ್ಕಿನಲ್ಲಿ ಬಾಲಮಂಗಳ ಎಕ್ಸ್‌ಪ್ರೆಸ್ ಎಂಬ ಪುಟಾಣಿ ರೈಲು ಓಡುತ್ತಿದ್ದ ಕಾಲ. ಅವಳ ಕ್ಲಾಸಿನ ಮಕ್ಕಳೆಲ್ಲ ಅದರಲ್ಲಿ ಕೂತು ಬಂದಿದ್ದರು. ಅವಳು ಕೇಳಿದಾಗೆಲ್ಲ ನಾನು “ಮುಂದಿನ ಆದಿತ್ಯವಾರ ಹೋಗುವಾ” ಎನ್ನುತ್ತಿದ್ದೆ. ಹಾಗೆ ಹೇಳುವಾಗ ಸುಳ್ಳು ಹೇಳುತ್ತಿದ್ದೇನೆಂದು ನನಗೆ ಅನ್ನಿಸುತ್ತಿರಲಿಲ್ಲ. ಒಮ್ಮೆ ಮಾತ್ರ ನಿಜವಾಗಿಯೂ ಹೊರಟೆವು. ಮಧ್ಯಾಹ್ನ ಮೂರು ಗಂಟೆ. ಅವಳು ಹಬ್ಬದ ಫ್ರಾಕು ಹಾಕಿ, ಎರಡು ಜಡೆಗೆ ರಿಬ್ಬನ್ ಕಟ್ಟಿಸಿಕೊಂಡು, ಚಪ್ಪಲಿ ಮೆಟ್ಟಿ ಮೆಟ್ಟಿಲ ಮೇಲೆ ನಿಂತಿದ್ದಳು. ಅಷ್ಟರಲ್ಲಿ ಒಬ್ಬ ತಂದೆ ಮಗನನ್ನು ಕರಕೊಂಡು ಗೇಟಿನೊಳಗೆ ಬಂದರು. ಪ್ರಿಪರೇಟರಿಯಲ್ಲಿ ಹುಡುಗನಿಗೆ ಹದಿನೆಂಟು ಮಾರ್ಕು. “ಮಾಸ್ಟ್ರೇ, ಇವನನ್ನು ನೀವೇ ದಡ ಹಾಯಿಸಬೇಕು” ಎಂದು ಅವರು ಕೈಮುಗಿದರು. ನಾನು ಮಗಳ ಕಡೆ ನೋಡಿದೆ. ಅವಳು ಅಳಲಿಲ್ಲ. ತಾನೇ ಚಪ್ಪಲಿ ಕಳಚಿ ಮೂಲೆಯಲ್ಲಿ ಜೋಡಿಸಿಟ್ಟು, ಸ್ಲೇಟು ತಂದು ಆ ಹುಡುಗನ ಹಿಂದೆ ಕೂತಳು. ಹುಡುಗ ಪಾಸಾದ. ಕದ್ರಿಗೆ ನಾವು ಹೋಗಲಿಲ್ಲ.

ಅವಳು ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನಲ್ಲಿ ಕೆಲಸ ಮಾಡಿ, ಮದುವೆಯಾಗಿ ಜಪಾನಿಗೆ ಹೋದಳು. ಅಳಿಯ ಹುಬ್ಬಳ್ಳಿ ಕಡೆಯವರು. ಇಬ್ಬರೂ ಕಂಪ್ಯೂಟರ್ ಕೆಲಸದವರೇ. ಟೋಕಿಯೋದ ನಿಶಿ-ಕಸಾಯಿ ಎಂಬಲ್ಲಿ ಅವರ ಮನೆ. ಅಲ್ಲಿ ಭಾರತದವರು ಎಷ್ಟು ಮಂದಿ ಇದ್ದಾರೆಂದರೆ, ಸಂಜೆ ರಸ್ತೆಯಲ್ಲಿ ಒಗ್ಗರಣೆಯ ಪರಿಮಳ ಬಂದರೆ ಯಾರೂ ತಿರುಗಿ ನೋಡುವುದಿಲ್ಲ. 2019ರ ಮಾರ್ಚಿನಲ್ಲಿ ನಾನೂ ನನ್ನವಳೂ ಹಪ್ಪಳ, ಹುಣಸೆಹುಳಿ, ಸಾರಿನ ಪುಡಿ ಕಟ್ಟಿಕೊಂಡು ಮೂರು ತಿಂಗಳಿಗೆಂದು ಹೋದೆವು. ಮೊಮ್ಮಗನಿಗೆ ಆಗ ನಾಲ್ಕು ತುಂಬಿತ್ತು. ಪುಟ್ಟ ಎಂದು ಕರೆಯುತ್ತೇವೆ, ಇಲ್ಲಿಯೂ ಹಾಗೇ ಕರೆಯುತ್ತೇನೆ.

ಮೊದಲ ವಾರವೇ ನನಗೊಂದು ಪೆಟ್ಟು ಬಿತ್ತು. ಪುಟ್ಟನಿಗೆ ನಾವು ಹೇಳಿದ್ದು ಅರ್ಥವಾಗುತ್ತಿತ್ತು, ಆದರೆ ಉತ್ತರ ಮಾತ್ರ ಜಪಾನಿಯಲ್ಲಿ. ಬೆಳಿಗ್ಗೆ ಎಂಟಕ್ಕೆ ಶಿಶುವಿಹಾರಕ್ಕೆ ಹೋದ ಮಗು ಸಂಜೆ ಆರಕ್ಕೆ ಬರುತ್ತದೆ. ಅಲ್ಲಿ ಜಗಳವೂ ಜಪಾನಿ, ಹಾಡೂ ಜಪಾನಿ, ಕನಸೂ ಜಪಾನಿಯೇ ಇರಬೇಕು. “ಅಜ್ಜನ ಹತ್ತಿರ ಬಾ” ಎಂದರೆ “ಇಯಾದಾ” ಎಂದು ಓಡುತ್ತಿದ್ದ. ‘ಒಲ್ಲೆ’ ಎಂದು ಅದರರ್ಥ. ನಾನು ಕಲಿತ ಮೊದಲ ಜಪಾನಿ ಶಬ್ದ ಅದೇ. ಮೂವತ್ನಾಲ್ಕು ವರ್ಷ ಪಾಠ ಮಾಡಿದವನಿಗೆ ಸ್ವಂತ ಮೊಮ್ಮಗನೊಡನೆ ಆಡಲು ಮಾತಿಲ್ಲ! ರಾತ್ರಿ ಈ ಮಾತು ಹೇಳಿ ಮಗಳ ಮೇಲೆ ಸ್ವಲ್ಪ ರೇಗಿಯೂ ಬಿಟ್ಟೆ. ಅವಳು ಶಾಂತವಾಗಿಯೇ ಹೇಳಿದಳು: “ವಾರವಿಡೀ ಅವನು ನಮ್ಮ ಕೈಯಲ್ಲಿ ಇರುವುದಿಲ್ಲ ಅಪ್ಪಾ. ನಮಗೆ ಸಿಗುವುದು ಶನಿವಾರ ಮತ್ತು ಆದಿತ್ಯವಾರ ಮಾತ್ರ. ಆ ಎರಡು ದಿನ ಹೊರಗೆ ಹೋಗುವುದು, ಕನ್ನಡದಲ್ಲೇ ಮಾತಾಡುವುದು. ನೀವೂ ಬನ್ನಿ, ನೋಡಿ.”

ವಿದೇಶದಲ್ಲಿ ಮಕ್ಕಳನ್ನು ಸುತ್ತಾಡಿಸುವುದೆಂದರೆ ಹಣ ಚೆಲ್ಲುವ ವ್ಯವಹಾರವೆಂದೇ ನನ್ನ ಎಣಿಕೆಯಾಗಿತ್ತು. ಅವರ ಮನೆಯಿಂದ ಸ್ವಲ್ಪ ದೂರದಲ್ಲೇ ಡಿಸ್ನಿಲ್ಯಾಂಡ್ ಬೇರೆ ಇದೆ. ಮೂರು ತಿಂಗಳಲ್ಲಿ ನಾವು ಅದರ ಬಾಗಿಲು ಕಂಡವರಲ್ಲ. ಮಗಳು ಬೆಳಿಗ್ಗೆ ಬೇಗ ಎದ್ದು ಅನ್ನದ ಉಂಡೆ, ಚಪಾತಿ ಸುರುಳಿ, ಹೆಚ್ಚಿದ ಸೌತೆಕಾಯಿ ಡಬ್ಬಿಗೆ ತುಂಬಿಸುತ್ತಿದ್ದಳು. ಅಳಿಯಂದಿರು ಮಡಚಿದ ಪ್ಲಾಸ್ಟಿಕ್ ಚಾಪೆಯೊಂದನ್ನು ಕಂಕುಳಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಒಂದು ಖಾಲಿ ಚೀಲ ಕಡ್ಡಾಯ. ಪಾರ್ಕುಗಳಲ್ಲಿ ಕಸದ ತೊಟ್ಟಿ ಹುಡುಕಿದರೂ ಸಿಗುವುದು ಕಷ್ಟ, ನಮ್ಮ ಕಸ ನಾವೇ ಮನೆಗೆ ತರಬೇಕು. ಆರು ವರ್ಷದೊಳಗಿನ ಮಗುವಿಗೆ ರೈಲಿನಲ್ಲಿ ಟಿಕೆಟಿಲ್ಲ. ಒಂದು ವಾರ ಹತ್ತಿರದ ಗ್ಯೋಸೆನ್ ಪಾರ್ಕು. ಅದರೊಳಗೆ ಪುಟ್ಟದೊಂದು ಮೃಗಾಲಯ, ಪ್ರವೇಶಕ್ಕೆ ಒಂದು ಕಾಸೂ ಇಲ್ಲ, ಮಕ್ಕಳು ಆಡುಗಳ ಮೈ ಸವರಬಹುದು. ಇನ್ನೊಂದು ವಾರ ಸಮುದ್ರದ ಬದಿಯ ಕಸಾಯಿ ರಿಂಕಾಯಿ ಪಾರ್ಕಿನ ಮತ್ಸ್ಯಾಲಯ. ದೊಡ್ಡವರಿಗೆ 700 ಯೆನ್, ಮಕ್ಕಳಿಗೆ ಪುಕ್ಕಟೆ. ಅಲ್ಲಿನ ಗಾಜಿನ ಕೊಳದಲ್ಲಿ ಟ್ಯೂನಾ ಮೀನುಗಳು ನಿಲ್ಲದೆ ಸುತ್ತು ಹಾಕುವುದನ್ನು ನೋಡಿ ನನ್ನವಳು “ಇದು ನಮ್ಮ ಬಂಗುಡೆಯ ದೊಡ್ಡಪ್ಪನ ಹಾಗೆ ಉಂಟಲ್ಲ” ಎಂದಳು. ಆಮೇಲೆ ಓದಿ ನೋಡಿದರೆ ಎರಡೂ ಒಂದೇ ಕುಟುಂಬದವು! ಮಗಳು ಪುಟ್ಟನಿಗೆ ‘ಬಂಗುಡೆ’ ಎಂದು ಹತ್ತು ಸಲ ಹೇಳಿಕೊಟ್ಟಳು. ಅವನು ತುಟಿ ಬಿಚ್ಚಲಿಲ್ಲ.

ಏಪ್ರಿಲ್ ಮೊದಲ ವಾರ, ಚೆರಿ ಹೂವಿನ ಕಾಲದಲ್ಲಿ, ಉಯೆನೋಗೆ ಹೊರಟೆವು. ಅಲ್ಲಿಯದು ಜಪಾನಿನ ಅತ್ಯಂತ ಹಳೆಯ ಮೃಗಾಲಯ, 1882ರದ್ದು. ಪಾಂಡಾ ಮರಿ ನೋಡಲು ಜನ ಉದ್ದಕ್ಕೆ ಸಾಲು ನಿಂತಿದ್ದರು. ನಾವು ಆ ಕಡೆ ಹೋಗದೆ ಆನೆಯ ಕಡೆ ನಡೆದೆವು. ಅಲ್ಲಿ ಮಗಳು ಮಗನಿಗೆ ಒಂದು ಕತೆ ಹೇಳಿದಳು. ಮಗುವಿಗೆ ಹೇಳಿದ್ದೋ ನನಗೆ ಹೇಳಿದ್ದೋ ತಿಳಿಯದು. ಗಣಿತದ ಮಾಸ್ಟ್ರಿಗೆ ಅದು ಅಷ್ಟರವರೆಗೆ ಗೊತ್ತಿರಲಿಲ್ಲ ಎಂಬುದಂತೂ ನಿಜ.

ಯುದ್ಧದ ಕಾಲದಲ್ಲಿ, 1943ರಲ್ಲಿ, ಬಾಂಬು ಬಿದ್ದರೆ ಪ್ರಾಣಿಗಳು ತಪ್ಪಿಸಿಕೊಂಡಾವೆಂದು ಈ ಮೃಗಾಲಯದ ಸಿಂಹ, ಚಿರತೆ, ಕರಡಿಗಳನ್ನೆಲ್ಲ ಕೊಂದುಬಿಟ್ಟರು. ಮೂರು ಆನೆಗಳಿದ್ದವು. ಅವು ಆಹಾರವಿಲ್ಲದೆ ಒಂದೊಂದಾಗಿ ಸತ್ತವು. ಯುದ್ಧ ಮುಗಿದ ಮೇಲೆ ಟೋಕಿಯೋದ ಮಕ್ಕಳಿಗೆ ನೋಡಲು ಆನೆಯೇ ಇಲ್ಲ. ಮಕ್ಕಳು ಬಿಟ್ಟಾರೆಯೇ? ಜವಾಹರಲಾಲ್ ನೆಹರೂ ಅವರಿಗೆ ನೂರಾರು ಪತ್ರ ಬರೆದರು, ನಮಗೊಂದು ಆನೆ ಕಳಿಸಿ ಎಂದು. 1949ರ ಸೆಪ್ಟೆಂಬರಿನಲ್ಲಿ ಹದಿನೈದು ವರ್ಷದ ಹೆಣ್ಣಾನೆಯೊಂದು ಹಡಗಿನಲ್ಲಿ ಬಂದಿಳಿಯಿತು. ನೆಹರೂ ಅದಕ್ಕೆ ತಮ್ಮ ಮಗಳ ಹೆಸರನ್ನೇ ಇಟ್ಟಿದ್ದರು: ಇಂದಿರಾ. ಆನೆ ಎಲ್ಲಿಯದು ಗೊತ್ತೇ? ನಮ್ಮ ಮೈಸೂರಿನದು! ಜೊತೆಗೆ ಹೋದ ಮಾವುತರೂ ಅಲ್ಲಿಯವರೇ. ಆನೆಗೆ ತಿಳಿಯುತ್ತಿದ್ದುದು ಕನ್ನಡ. ಹಾಗಾಗಿ ಜಪಾನಿನ ಪಾಲಕರು ಆ ಮಾವುತರ ಹತ್ತಿರ ಕೂತು ಆನೆಗೆ ಹೇಳಬೇಕಾದ ಮಾತುಗಳನ್ನು ಕಲಿತುಕೊಂಡರು. ಆಮೇಲೆ ಇಂದಿರಾ ಅಲ್ಲೇ ಬಾಳಿತು, 1983ರಲ್ಲಿ ತೀರಿಕೊಂಡಿತು.

ಕೊನೆಯ ವಾಕ್ಯವನ್ನು ಮಗಳು ಮಗನಿಗೆ ಹೇಳಲಿಲ್ಲ, ನನಗೆ ಮಾತ್ರ ಹೇಳಿದಳು. ಪುಟ್ಟ ಕಟಕಟೆ ಹಿಡಿದು ತುಂಬ ಹೊತ್ತು ಎದುರಿಗಿದ್ದ ಆನೆಯನ್ನೇ ನೋಡಿದ. ಪಕ್ಕದ ಮಕ್ಕಳೆಲ್ಲ “ಜೋ-ಸಾನ್, ಜೋ-ಸಾನ್” ಎಂದು ಕೂಗುತ್ತಿದ್ದರು. ಅಂದರೆ ಆನೆಯವರೇ ಎಂದು. ಇವನು ಅತ್ತಿತ್ತ ನೋಡಿ, ಗುಟ್ಟು ಹೇಳುವವನಂತೆ ಮುಂದೆ ಬಾಗಿ, “ಆನೆ, ಬಾ. ಇಲ್ಲಿ ಬಾ. ಊಟ ಆಯ್ತಾ?” ಎಂದ.

ಆನೆ ಬರಲಿಲ್ಲ. ಸೊಂಡಿಲಿನಲ್ಲಿ ಹುಲ್ಲು ಸುತ್ತಿಕೊಂಡು ಬಾಯಿಗಿಟ್ಟಿತು, ಅಷ್ಟೆ. ಪುಟ್ಟ ನನ್ನ ಕಡೆ ತಿರುಗಿ, ಹೊಳೆಯುವ ಕಣ್ಣುಗಳಲ್ಲಿ, “ಅಜ್ಜ, ಆನೆ ಊಟ ಮಾಡ್ತಾ ಉಂಟು” ಎಂದ. ‘ಉಂಟು’ ಎಂದ ಮಾರಾಯ್ರೆ! ಹುಬ್ಬಳ್ಳಿಯ ಅಪ್ಪನಿಂದ ಬಂದ ಶಬ್ದವಲ್ಲ ಅದು.

ಅಲ್ಲಿಂದ ಮೃಗಾಲಯದೊಳಗಿನ ಮೋನೋರೈಲು ಹತ್ತಿದೆವು. 1957ರಲ್ಲಿ ಶುರುವಾದ, ಜಪಾನಿನ ಮೊದಲ ಮೋನೋರೈಲು ಅದು. ಪೂರ್ವದ ತೋಟದಿಂದ ಪಶ್ಚಿಮದ ತೋಟಕ್ಕೆ ಮುನ್ನೂರು ಮೀಟರು. ಕೂತೆವು ಅನ್ನುವಷ್ಟರಲ್ಲಿ ಇಳಿಯಬೇಕು. ಪುಟ್ಟ ಅಪ್ಪನ ತೊಡೆಯ ಮೇಲೆ, ಕಿಟಕಿಗೆ ಮೂಗು ಒತ್ತಿ ಕೂತಿದ್ದ. ನನ್ನ ಪಕ್ಕ ಮಗಳು. ಅವಳು ಹೊರಗೆ ನೋಡುತ್ತಲೇ, ನಗುತ್ತಲೇ, “ಕದ್ರಿಯ ರೈಲು ಇದಕ್ಕಿಂತ ಉದ್ದ ಇತ್ತಾ ಅಪ್ಪಾ?” ಎಂದು ಕೇಳಿದಳು.

ನಾನು ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ಅವಳು ಆ ಮಾತು ಎತ್ತಿದವಳಲ್ಲ. ಆಕ್ಷೇಪಿಸುವ ದನಿಯೂ ಅಲ್ಲ ಅದು. ಟ್ಯೂಷನ್ ಹಣದಲ್ಲೇ ಅವಳ ಇಂಜಿನಿಯರಿಂಗ್ ಫೀಸು ಕಟ್ಟಿದ್ದು ಎಂದು ಹೇಳಲು ನಾಲಿಗೆಯ ತುದಿಯವರೆಗೆ ಬಂತು. ಅದೂ ಸತ್ಯವೇ. ಹೇಳಲಿಲ್ಲ. ರೈಲು ನಿಂತಿತು, ಇಳಿದೆವು.

ಅದೇ ವರ್ಷ ಡಿಸೆಂಬರಿನಲ್ಲಿ ಅವರು ಬೋಳಾರಕ್ಕೆ ಬಂದರು. ಪುಟ್ಟ ಬಂದವನೇ ಹೇಳಿದ ಸುದ್ದಿ: ಉಯೆನೋದ ಮೋನೋರೈಲು ನಿಂತುಹೋಯಿತಂತೆ. ನವೆಂಬರಿನಲ್ಲಿ ನಿಂತ ಅದು ಮತ್ತೆ ಓಡಲೇ ಇಲ್ಲ, 2023ರಲ್ಲಿ ಅದನ್ನು ಪೂರ್ತಿಯಾಗಿ ಕೈಬಿಟ್ಟರು. ಕದ್ರಿಯಲ್ಲೂ ಹಳೆಯ ಪುಟಾಣಿ ರೈಲು ನಿಂತು ಕೆಲವು ವರ್ಷ ಹಾಗೇ ಬಿದ್ದಿದ್ದು, 2018ರಲ್ಲಿ ಹೊಸದು ಬಂದಿತ್ತು. ನಾನು ಆದಿತ್ಯವಾರ ಬೆಳಿಗ್ಗೆಯೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು, “ಇವತ್ತು ಕದ್ರಿಗೆ ಹೋಗುವಾ, ರೈಲಿನಲ್ಲಿ ಕೂರುವಾ” ಎಂದು ಘೋಷಿಸಿದೆ. ಸಾಲ ತೀರಿಸುವವನ ಗತ್ತು ನನಗೆ! ಪುಟ್ಟ “ಇಯಾದಾ” ಎಂದ. ಟೋಕಿಯೋದ ಹುಡುಗನಿಗೆ ರೈಲು ತೋರಿಸುವುದೆಂದರೆ ಬೋಳಾರದವನಿಗೆ ಹಂಚು ತೋರಿಸಿದ ಹಾಗೆ ಎಂಬುದು ನನಗೆ ಹೊಳೆದಿರಲೇ ಇಲ್ಲ.

ಅವನಿಗೆ ಬೇಕಾಗಿದ್ದುದು ದೋಣಿ. ಹಿಂದಿನ ದಿನ ಬಂದರಿನ ಕಡೆ ಹೋದಾಗ ಬೆಂಗರೆಗೆ ಹೋಗುವ ಫೆರಿ ನೋಡಿದ್ದನಂತೆ. ಬೆಂಗರೆಯ ಜನಕ್ಕೆ ಅದು ವಿಹಾರವಲ್ಲ, ನಿತ್ಯದ ದಾರಿ. ಮೀನಿನ ಬುಟ್ಟಿ, ಶಾಲೆಯ ಚೀಲ, ಅಕ್ಕಿಯ ಗೋಣಿ ಎಲ್ಲ ಅದರಲ್ಲೇ. ಸರಿ, ಹೊಯಿಗೆ ಬಜಾರಿನ ದಾರಿಯಾಗಿ ನಡೆದೇ ಹೋದೆವು. ಟಿಕೆಟು ಕೆಲವೇ ರೂಪಾಯಿ. ಹಲಗೆಯ ಮೇಲೆ ಕೂತರೆ ಒಂದು ಕಡೆ ದಕ್ಕೆಯಲ್ಲಿ ಒತ್ತಾಗಿ ನಿಂತ ಮೀನಿನ ಬೋಟುಗಳು, ಇನ್ನೊಂದು ಕಡೆ ಲಕ್ಷದ್ವೀಪಕ್ಕೆ ಸಾಮಾನು ತುಂಬಿಸಿಕೊಳ್ಳುತ್ತಿದ್ದ ಮಂಜಿ, ದೂರದಲ್ಲಿ ಎರಡು ನದಿಗಳು ಸಮುದ್ರ ಸೇರುವ ಅಳಿವೆ ಬಾಗಿಲು. ಐವತ್ತು ವರ್ಷ ಈ ಊರಲ್ಲಿದ್ದೂ ನಾನು ಆ ಫೆರಿ ಹತ್ತಿದ್ದು ಅದೇ ಮೊದಲು. ನಾಚಿಕೆಯಾಗಬೇಕು. ಆಗಲಿಲ್ಲ, ಖುಷಿಯಾಯಿತು.

ಆ ದಡದಲ್ಲಿ ಇಳಿದು ಚರುಮುರಿ ತಿಂದೆವು. ಕಾಗದದ ಪೊಟ್ಟಣ ಎಲ್ಲಿ ಹಾಕುವುದೆಂದು ಪುಟ್ಟ ಸುತ್ತ ನೋಡಿ, ಕೊನೆಗೆ ಮಡಚಿ ನನ್ನ ಇಸ್ತ್ರಿಯ ಅಂಗಿಯ ಕಿಸೆಗೇ ತುರುಕಿದ. ಮಗಳು ಚಪ್ಪಲಿ ಕೈಯಲ್ಲಿ ಹಿಡಿದು ಒದ್ದೆ ಮರಳಿನಲ್ಲಿ ನಡೆಯುತ್ತಿದ್ದಳು. ಹಿಂದೆ ಬರುವಾಗ ಅವನು ಇಂಜಿನ್ ಹತ್ತಿರವೇ ಕೂತು, ಫೆರಿ ನಡೆಸುವವರ ಹತ್ತಿರ “ಇದರ ಹೆಸರೆಂತ? ನಿಮ್ಮ ಮನೆ ಎಲ್ಲಿ?” ಎಂದೆಲ್ಲ ಕೇಳುತ್ತಿದ್ದ. ಅವರು ಬ್ಯಾರಿ ಭಾಷೆ ಬೆರೆಸಿ ಉತ್ತರ ಕೊಡುತ್ತಿದ್ದರು. ಇಬ್ಬರಿಗೂ ಏನೂ ತೊಂದರೆಯಾದಂತೆ ಕಾಣಲಿಲ್ಲ.

ಬಂದರಿನಲ್ಲಿ ಇಳಿದ ಮೇಲೆ ಪುಟ್ಟ ನನ್ನ ಬೆರಳು ಹಿಡಿದು ಎಳೆದ. “ಅಜ್ಜ, ಇನ್ನೊಂದು ಸಲ.”

ಬಿಸಿಲೇರಿತ್ತು. ಮನೆಯಲ್ಲಿ ಊಟಕ್ಕೆ ಯಾರೋ ಬರುವವರಿದ್ದರು. “ಮುಂದಿನ ಆದಿತ್ಯ...” ಎಂದು ಬಾಯಿ ತೆರೆದವನು, ಮಗಳು ನನ್ನನ್ನೇ ನೋಡುತ್ತಿರುವುದನ್ನು ಕಂಡು ಅಲ್ಲಿಗೇ ನಿಲ್ಲಿಸಿದೆ. ಅವರ ವಿಮಾನ ಗುರುವಾರಕ್ಕಿತ್ತು. ಆಮೇಲೆ ಕೊರೊನಾ ಬಂದು, ಅವರು ಮತ್ತೆ ಊರಿಗೆ ಬರುವಾಗ ಮೂರು ವರ್ಷ ಕಳೆದು, ಪುಟ್ಟ ಯಾರ ಬೆರಳನ್ನೂ ಹಿಡಿಯದ ಹುಡುಗನಾಗಿರುತ್ತಾನೆಂದು ಆಗ ಯಾರಿಗೆ ಗೊತ್ತಿತ್ತು? ನಾನು ನನ್ನವಳಿಗೆ ಫೋನು ಮಾಡಿ, ಬಂದವರಿಗೆ ಬಡಿಸಲು ಹೇಳಿದೆ. ಮತ್ತೆ ಟಿಕೆಟಿನ ಸಾಲಿನಲ್ಲಿ ನಿಂತೆವು. ಆ ದಿನ ನಾವು ಬೆಂಗರೆಗೆ ಹೋಗಿ ಬಂದದ್ದು ಒಟ್ಟು ನಾಲ್ಕು ಸಲ. ನಾಲ್ಕನೇ ಸಲ ಫೆರಿಯವರು ದುಡ್ಡು ತೆಗೆದುಕೊಳ್ಳಲು ಒಪ್ಪಲಿಲ್ಲ.