ಮರೆತ ಬುತ್ತಿ

ನಮ್ಮ ಜತ್ತ ತಾಲೂಕು ಸಾಂಗಲಿ ಜಿಲ್ಲೆಯ ಪೂರ್ವದ ಅಂಚಿನಲ್ಲಿದೆ. ಕಚೇರಿಯ ಕಾಗದಪತ್ರವೆಲ್ಲ ಮರಾಠಿ. ನಮ್ಮಂಥವರ ಮನೆಯೊಳಗಿನ ಅಳು-ನಗು ಕನ್ನಡ. ಕಾಸರಗೋಡಿನ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಪ್ಪನಿಗೆ 74 ವರ್ಷ. ಬರದ ನೆಲದಲ್ಲಿ ಕುರಿಯ ಹಿಂದೆ ನಡೆದೇ ಬಾಳಿದವರು. ಗುಡ್ಡಾಪುರದ ದಾನಮ್ಮನ ಜಾತ್ರೆಗೂ ಕಾಲ್ನಡಿಗೆಯೇ. ಅವ್ವ ತೀರಿಕೊಂಡ ಮೇಲೆ ಹಳ್ಳಿಯಿಂದ ಜತ್ತಕ್ಕೆ ಕರೆತಂದೆ. ಸೇವೆ ಮಾಡುವ ಹುರುಪಿನಲ್ಲಿ ನೀರಿನ ತಂಬಿಗೆಯನ್ನೂ ಕೂತಲ್ಲಿಗೇ ತಂದುಕೊಟ್ಟೆವು. ಆರು ತಿಂಗಳಲ್ಲಿ ಅವರ ಮಾತು ನಿಂತಿತು, ರೊಟ್ಟಿ ಅರ್ಧಕ್ಕಿಳಿಯಿತು. ನಸುಕಿನ ಮೂರಕ್ಕೆ ಎದ್ದು ಗೋಡೆ ನೋಡುತ್ತ ಕೂಡತೊಡಗಿದರು.

ಡಾಕ್ಟರರ ಮುಂದೆ, "ಮನಸಿಗೆ ಬ್ಯಾಸರ ಆಗೇತ್ರಿ" ಎಂದರು. ನಾನು ಮರಾಠಿಯಲ್ಲಿ 'ಕಂಟಾಳಾ' ಎಂದು ಹೇಳಿದೆ. ಕಂಟಾಳಾ ಎಂದರೆ ಹೊತ್ತು ಹೋಗದವರ ಬೇಸರ. ಅವರು ನಕ್ಕು ಶಕ್ತಿಯ ಗುಳಿಗೆ ಬರೆದರು. ತಪ್ಪು ಅವರದಲ್ಲ, 20 ವರ್ಷ ಬ್ಯಾಂಕಿನಲ್ಲಿ ಎರಡು ಭಾಷೆಗಳ ನಡುವೆ ಜನರ ಅರ್ಜಿ ತುಂಬಿಕೊಟ್ಟ ನನ್ನದು. ಒಂದು ರಾತ್ರಿ ಅಪ್ಪ, "ಇನ್ನ ಬದಕೂದ ಬ್ಯಾಡ ಅನಸ್ತೈತಿ" ಎಂದಾಗ ಎದೆ ಧಸಕ್ಕೆಂದಿತು. ಮರುದಿನವೇ ಸಾಂಗಲಿಯ ಮನೋವೈದ್ಯರಲ್ಲಿಗೆ ಹೋದೆವು. ಈ ಸಲ ಒಂದು ಶಬ್ದದಲ್ಲಿ ಮುಗಿಸದೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಇದು ಖಿನ್ನತೆ, ವಯಸ್ಸಿನ ಸಹಜ ಗುಣವಲ್ಲ ಎಂದು ಅವರು ಗುಳಿಗೆ ಕೊಟ್ಟರು. ದಿನವೂ ಅರ್ಧ ತಾಸು ನಡೆಸಿ ಎಂದರು.

ಇದೆಂಥ ಔಷಧ ಎನಿಸಿತ್ತು. ಆಮೇಲೆ ಓದಿ ತಿಳಿಯಿತು: ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 50 ದಾಟಿದ 156 ರೋಗಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಗುಳಿಗೆ, ಒಂದಕ್ಕೆ ವಾರದಲ್ಲಿ ಮೂರು ದಿನ ವ್ಯಾಯಾಮ, ಇನ್ನೊಂದಕ್ಕೆ ಎರಡೂ ಕೊಟ್ಟು, 1999ರಲ್ಲಿ ಫಲ ಪ್ರಕಟಿಸಿದ್ದರು. ಗುಳಿಗೆ ಬೇಗ ಹತ್ತಿತ್ತು. 16 ವಾರಕ್ಕೆ ಮೂರೂ ಗುಂಪು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದಿದ್ದವು. ಹಾಗೆಂದು ಅಪ್ಪನ ಗುಳಿಗೆ ನಿಲ್ಲಿಸಲಿಲ್ಲ. ಅದು ವೈದ್ಯರು ಹೇಳಬೇಕಾದ ಮಾತು.

ಆದರೆ ನಡೆಯುವವರು ಯಾರು? "ಕೆಲಸಿಲ್ದ ಅಡ್ಡಾಡಾಕ ನನಗೇನ ಹುಚ್ಚ ಹಿಡದೈತೇನಲೇ?"

ಹಾಗಾದರೆ ಕೆಲಸವೇ ಬೇಕು. ಒಂದು ದಿನ ಬುತ್ತಿಯನ್ನು ಬೇಕೆಂದೇ ಮನೆಯಲ್ಲಿ ಬಿಟ್ಟುಬಂದೆ. ಹೆಂಡತಿ, "ಮಾವಾರ, ಅವರು ಉಪಾಸ ಇರ್ತಾರ್ರಿ" ಎಂದಳಂತೆ. ಗೊಣಗುತ್ತಲೇ ಬಂದರು. ಮರುದಿನವೂ ಮರೆತೆ. ವಾರ ಕಳೆಯುವಷ್ಟರಲ್ಲಿ ಪಿಂಚಣಿಗೆ ಬರುವ ಮುದುಕರ ಬೆಂಚಿನಲ್ಲಿ ಅಪ್ಪನಿಗೊಂದು ಜಾಗ ಆಗಿತ್ತು. ಮಳೆ, ಕುರಿ, ಮಂಡಿನೋವು, ಎಲ್ಲ ಕನ್ನಡದಲ್ಲಿ. ಕ್ಯಾಶ್ ಎಣಿಸುತ್ತಿದ್ದಾಗ ಒಮ್ಮೆ ಅವರ ನಗು ಕೇಳಿ ನನ್ನ ಲೆಕ್ಕ ತಪ್ಪಿತು.

ಈಗಲೂ ಕೆಲವು ದಿನ ಗೋಡೆಯ ಕಡೆ ತಿರುಗಿ ಮಲಗುತ್ತಾರೆ. ಕಳೆದ ವಾರ ನಾನು ಹಳೆಯ ರೂಢಿಯಂತೆ ಬುತ್ತಿ ಹಿಡಿದೇ ಬ್ಯಾಂಕಿಗೆ ಬಂದುಬಿಟ್ಟಿದ್ದೆ. ನೆನಪಾದಾಗ ಹನ್ನೆರಡು ದಾಟಿತ್ತು. ತಲೆಯೆತ್ತಿದರೆ ಬಾಗಿಲಲ್ಲಿ ಅಪ್ಪ, ಬರಿಗೈಯಲ್ಲಿ.

"ಊಟ ಆತೇನೋ?" ಎಂದವರೇ ಬೆಂಚಿನ ಕಡೆ ನಡೆದರು.