ತಂದೆಯ ಬಾಯಿಂದ ಒಂದು ಮಾತು

ಹಿರಿಯರ ಕಾಲಿಗೆರಗುವುದು, ಅವರು ತಲೆಯ ಮೇಲೆ ಕೈಯಿರಿಸಿ 'ವಿದ್ಯಾವಂತನಾಗು, ನೂರು ಕಾಲ ಬಾಳು' ಎಂದು ಹರಸುವುದು ನಮ್ಮಲ್ಲಿ ತಲೆತಲಾಂತರದಿಂದ ಬಂದ ರೂಢಿ. ಪರೀಕ್ಷೆಗೆ ಹೊರಡುವ ದಿನ ನೀವೆಲ್ಲರೂ ಹಾಗೆ ನಮಸ್ಕರಿಸುವಿರಷ್ಟೆ. ಆದರೆ ಆ ಹರಕೆ ಅಣ್ಣನಿಗೂ ಒಂದೇ, ತಮ್ಮನಿಗೂ ಒಂದೇ, ನೆರೆಮನೆಯ ಹುಡುಗನಿಗೂ ಅದೇ. ನಮ್ಮ ಚಾಳಿನಲ್ಲಿ ಮಂಗಳೂರು ಕಡೆಯ ಕ್ರೈಸ್ತ ಕುಟುಂಬವೊಂದು ವಾಸವಾಗಿರುವುದು. ಅಮೇರಿಕೆಯಲ್ಲಿರುವ ತಮ್ಮ ತಂಗಿಯ ನೆರೆಹೊರೆಯಲ್ಲಿ ನಡೆಯುವ ಬೇರೊಂದು ರೀತಿಯ ಹರಕೆಯ ಸಂಗತಿಯನ್ನು ಆ ಮನೆಯ ಯಜಮಾನರು ಒಮ್ಮೆ ನನಗೆ ಹೇಳಿದರು. ಈ ವರ್ಷ ಹತ್ತನೆಯ ತರಗತಿ ಮುಗಿಸಿ ನಮ್ಮನ್ನು ಬಿಟ್ಟುಹೋಗುವ ವಿದ್ಯಾರ್ಥಿಗಳಿಗೆ ಅದನ್ನು ತಿಳಿಸಬೇಕೆನಿಸಿತು.

ಅಲ್ಲಿಯ ಪ್ರೌಢಶಾಲೆ ಹನ್ನೆರಡನೆಯ ತರಗತಿಯವರೆಗೆ. ಮೇ ಅಥವಾ ಜೂನ್ ತಿಂಗಳಿನಲ್ಲಿ ನಿಲುವಂಗಿ ತೊಟ್ಟು, ಚೌಕಟೋಪಿ ಧರಿಸಿ, ಹದಿನೇಳು ಹದಿನೆಂಟು ವರ್ಷದ ಹುಡುಗ ಹುಡುಗಿಯರು ಪ್ರಮಾಣಪತ್ರ ಪಡೆಯುವರು. ಬೇಸಿಗೆ ಕಳೆಯುವುದರೊಳಗೆ ಬಹುಮಂದಿ ಮನೆ ಬಿಟ್ಟು ದೂರದ ಕಾಲೇಜಿಗೆ ಹೊರಟುಬಿಡುವರು. ಈ ನಡುವಿನ ದಿನಗಳಲ್ಲಿ ಕೆಲವು ಭಕ್ತ ಕುಟುಂಬಗಳವರು, ಇಗರ್ಜಿಯಲ್ಲಿಯೋ ಮನೆಯಲ್ಲಿಯೋ ಬಂಧುಮಿತ್ರರನ್ನು ಕೂಡಿಸುವುದುಂಟು. ತಂದೆಯು ಮಗನ ಅಥವಾ ಮಗಳ ಭುಜದ ಮೇಲೆ ಕೈಯಿಟ್ಟು, ಎಲ್ಲರೂ ಕೇಳುವಂತೆ ಬಾಯಿಬಿಟ್ಟು ಹರಸುವನು. ಕಂಠಪಾಠದ ಮಾತಲ್ಲ, ಆ ಒಂದು ಮಗುವಿಗಾಗಿಯೇ ಯೋಚಿಸಿ ತಂದ ಮಾತು. ನಿನ್ನಲ್ಲಿ ಇಂಥ ಗುಣವನ್ನು ಕಂಡೆನು, ಇಂಥ ಕಷ್ಟದಲ್ಲಿ ನೀನು ಹೀಗೆ ನಡೆದುಕೊಂಡೆ, ಮುಂದೆ ದೇವರು ನಿನ್ನನ್ನು ಹೀಗೆ ನಡೆಸಲಿ ಎಂದು. ಮನೆಯಲ್ಲಿಯೇ ಮಕ್ಕಳಿಗೆ ಪಾಠ ಹೇಳುವ ಕುಟುಂಬಗಳು ಒಟ್ಟುಗೂಡಿ ನಡೆಸುವ ಸಮಾರಂಭಗಳಲ್ಲಂತೂ ಪ್ರಮಾಣಪತ್ರವನ್ನು ಕೈಗಿಡುವವರೂ ತಂದೆತಾಯಿಗಳೇ.

ಇದರ ಬೇರು ಬಹಳ ಹಳೆಯದು. ಸತ್ಯವೇದದ ಆದಿಕಾಂಡದಲ್ಲಿ ಇಸಾಕನೆಂಬ ಕಣ್ಣು ಮಂಜಾದ ಮುದುಕನು ಹಿರಿಯ ಮಗನಾದ ಏಸಾವನನ್ನು ಹರಸಬೇಕೆಂದಿರುವಾಗ, ತಾಯಿಯ ಯುಕ್ತಿಯಿಂದ ಕಿರಿಯನಾದ ಯಾಕೋಬನು ಆಡಿನ ತೊಗಲನ್ನು ಕೈಗೆ ಸುತ್ತಿಕೊಂಡು ಬಂದು ಆ ಹರಕೆಯನ್ನು ಅಪಹರಿಸುವನು. ಬೇಟೆಯಾಡಿ ಬಂದ ಏಸಾವನು, ತನಗೆ ಒಂದು ಹರಕೆಯೂ ಉಳಿದಿಲ್ಲವೆ ಎಂದು ಗಟ್ಟಿಯಾಗಿ ಅಳುವನು. ಬಿಲ್ಲು ಹಿಡಿದು ಕಾಡು ಸುತ್ತುವ ಗಂಡಸು ತಂದೆಯ ಒಂದು ಮಾತಿಗಾಗಿ ಹಾಗೆ ಅಳುವುದನ್ನು ಓದಿದಾಗ ನನಗೆ ಪುಸ್ತಕವನ್ನು ಕೆಳಗಿಡಬೇಕಾಯಿತು. ಮುಂದೆ ಅದೇ ಯಾಕೋಬನು ಮುಪ್ಪಿನಲ್ಲಿ ಮೊಮ್ಮಕ್ಕಳಾದ ಎಫ್ರಾಯೀಮ್, ಮನಸ್ಸೆ ಇಬ್ಬರ ತಲೆಯ ಮೇಲೂ ಕೈಯಿಟ್ಟು ಹರಸುವನು. ಇಂದಿಗೂ ಯೆಹೂದ್ಯರ ಮನೆಗಳಲ್ಲಿ ಶುಕ್ರವಾರ ಸಂಜೆ ಗಂಡುಮಕ್ಕಳನ್ನು ಆ ಇಬ್ಬರ ಹೆಸರು ಹೇಳಿಯೇ ಹರಸುವರು.

1986ರಲ್ಲಿ ಗ್ಯಾರಿ ಸ್ಮಾಲಿ, ಜಾನ್ ಟ್ರೆಂಟ್ ಎಂಬ ಇಬ್ಬರು ಅಮೇರಿಕನ್ನರು ಈ ವಿಷಯವಾಗಿಯೇ ಒಂದು ಪುಸ್ತಕ ಬರೆದು, ಹರಕೆಗೆ ಸ್ಪರ್ಶ, ಮಾತು ಮೊದಲಾದ ಐದು ಅಂಗಗಳನ್ನು ಹೇಳಿದರು. ಅಡಿಗೆಯ ಸಾಮಗ್ರಿಯಂತೆ ಪ್ರೀತಿಯನ್ನು ಎಣಿಸುವುದು ನನಗೆ ಅಷ್ಟಾಗಿ ಹಿಡಿಸಲಿಲ್ಲ. ತಂದೆಯೇ ಏಕೆ, ತಾಯಿ ಏಕಾಗಬಾರದು ಎಂಬ ಪ್ರಶ್ನೆಯೂ ಹುಟ್ಟಿತು. ನಮ್ಮ ನೆರೆಮನೆಯ ಕೊಂಕಣಿ ಪದ್ಧತಿಯಲ್ಲಿ ಆ ಭೇದವಿಲ್ಲ. ರಾತ್ರಿ 'ತೇರ್ಸ್' ಎಂಬ ಜಪಮಾಲೆಯ ಪ್ರಾರ್ಥನೆ ಮುಗಿದೊಡನೆ ಮಕ್ಕಳು ತಂದೆ, ತಾಯಿ, ಅಜ್ಜಿ ಎಲ್ಲರಿಂದಲೂ 'ಬೆಸಾಂವ್' ಬೇಡುವರು. ಬೆಸಾಂವ್ ಎಂದರೆ ಹರಕೆ.

ಇನ್ನು ನನ್ನ ಸಂಗತಿ. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿ, ಇಂಡಿ ತಾಲೂಕಿನ ನಮ್ಮ ಹಳ್ಳಿಯಿಂದ ಮುಂಬಯಿಗೆ ಹೊರಟಾಗ ನನಗೆ ಹದಿನಾರು ವರ್ಷ. ನಮ್ಮಪ್ಪನವರು ಸೊಲ್ಲಾಪುರದ ನಿಲ್ದಾಣದವರೆಗೆ ಬಂದು, ರೊಟ್ಟಿಯ ಗಂಟನ್ನು ಕೈಗಿತ್ತು, ಕಿಟಕಿಯ ಬಳಿ ನಿಂತರು. ಗಾಡಿ ಅಲುಗಿದಾಗ ಅವರಾಡಿದುದು ಒಂದೇ ಮಾತು: "ತಿಕೀಟ ಜ್ವಾಕಿ." ಅವರು ತೀರಿಕೊಂಡ ಮೇಲೆ, ಊರಿನ ಕಟ್ಟೆಯ ಮೇಲೆ ಕುಳಿತಿದ್ದ ಸೋದರಮಾವನವರು ಹೇಳಿದರು: "ನೀ ಹೋದ ದಿನಾ ಸಂಜಿಮುಂದ ನಿಮ್ಮಪ್ಪ ಇಲ್ಲೇ ಕುಂತು ಅಂದ, ನನ್ನ ಮಗಗ ಸಣ್ಣ ಹುಡುಗರ ಮ್ಯಾಲ ಭಾಳ ತಾಳ್ಮಿ ಐತಿ, ಅಂವ ಮಾಸ್ತರ ಆಗ್ತಾನ ಅಂತ." ಆಗ ನಾನು ಮಾಸ್ತರನಾಗಿ ಹತ್ತು ವರ್ಷಗಳಾಗಿದ್ದವು. ಕಟ್ಟೆಯ ಮೇಲಿದ್ದವರೆಲ್ಲರೂ ಅಂದೇ ಕೇಳಿದ್ದ ಮಾತು ನನ್ನ ಕಿವಿಗೆ ಬೀಳಲು ಹದಿನಾರು ವರ್ಷ ಹಿಡಿಯಿತು. ಮೊದಲ ವರ್ಷ, ಉಪಾಹಾರಗೃಹದ ಮಹಡಿಯಲ್ಲಿ ಮಲಗಿ ರಾತ್ರಿಯೆಲ್ಲ ಊರನ್ನು ನೆನೆಯುತ್ತಿದ್ದಾಗ ಅದು ನನ್ನ ಬಳಿ ಇದ್ದಿದ್ದರೆ!

ನಿಮ್ಮ ತಂದೆಗಳೂ ಬಹುಮಟ್ಟಿಗೆ ಇದೇ ಜಾತಿಯವರೆಂದು ಬಲ್ಲೆನು. ರಾತ್ರಿ ಹನ್ನೊಂದಕ್ಕೆ ಹೋಟೆಲಿನ ಕೆಲಸ ಮುಗಿಸಿ ಬಂದು, ಮಲಗಿದ ಮಗನ ಪುಸ್ತಕವನ್ನು ಸರಿಯಾಗಿ ಜೋಡಿಸಿಟ್ಟು, ಏನನ್ನೂ ಹೇಳದೆ ಮಲಗುವವರು. ಮಗಳ ಅಂಕಗಳನ್ನು ಚಾಳಿನ ಎಲ್ಲರಿಗೂ ಹೇಳಿ, ಮಗಳೆದುರಿಗೆ ಮಾತ್ರ "ಇನ್ನೂ ಓದು" ಎನ್ನುವವರು.

ಆದುದರಿಂದ ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಬೀಳ್ಕೊಡುಗೆಯ ದಿನ ಪಾಲಕರನ್ನೂ ಕರೆದಿರುವೆನು. ಭಾಷಣ ಬೇಕಿಲ್ಲ, ತಮ್ಮ ಮಗುವನ್ನು ಕುರಿತು ಎರಡು ಮಾತು, ಊರ ಮಾತಿನಲ್ಲಿಯೇ ಸಾಕು. ತಂದೆ ಇಲ್ಲದವರು ತಾಯಿಯನ್ನು ಕರೆತನ್ನಿರಿ, ಅಜ್ಜನನ್ನು ಕರೆತನ್ನಿರಿ. ಸಭೆಯಲ್ಲಿ ನಾಲಗೆ ಏಳದೆನ್ನುವವರು ಹಿಂದಿನ ದಿನ ಸಂಜೆ ಶಾಲೆಗೆ ಬರಲಿ. ನಾನು ಎಂಟು ಗಂಟೆಯವರೆಗೂ ಇರುವೆನು. ನನ್ನೆದುರಿಗೆ ಒಮ್ಮೆ ಹೇಳಿ ನೋಡಲಿ.